ಕೊಡಗಿನಲ್ಲಿ ಭೂಗೋಳ ಓದುವವರಿಗೆ: ಲ್ಯಾಬ್, ನಕ್ಷೆ, ಫೀಲ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭೂಗೋಳದ ಪ್ರಾಕ್ಟಿಕಲ್ ಕಲಿಸುತ್ತಾ ಕೊಡಗಿನಲ್ಲಿ ಹಲವು ಮಳೆಗಾಲ ಕಳೆದಿದ್ದೇನೆ. ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ, ಪ್ರಾಜೆಕ್ಟ್ ಹಿಡಿದು ಓಡಾಡುವ ಎಂ.ಎ. ವಿದ್ಯಾರ್ಥಿಗಳು ಹೆಚ್ಚು ಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಸೇರುವ ಮುಂಚೆ

ಭೂಗೋಳ ಆರ್ಟ್ಸ್ ಸಬ್ಜೆಕ್ಟ್ ಅಲ್ವಾ? ಅದಕ್ಕೆ ಲ್ಯಾಬ್ ಯಾಕೆ?

ಆರ್ಟ್ಸ್ ಗುಂಪಿನಲ್ಲಿ ಕೊಡುತ್ತಾರೆ, ನಿಜ. ಆದರೆ ಡಿಗ್ರಿಯಲ್ಲಿ ಭೂಗೋಳಕ್ಕೆ ಪ್ರಾಕ್ಟಿಕಲ್ ಪೇಪರ್ ಇದೆ, ರೆಕಾರ್ಡ್ ಬುಕ್ ಇದೆ, ವೈವಾ ಇದೆ. ಪುಸ್ತಕ ಓದಿ ಈಜು ಬರುವುದಿಲ್ಲ ಅಲ್ವಾ, ನಕ್ಷೆ ಓದುವುದೂ ಹಾಗೆಯೇ.

ಟೋಪೋಶೀಟಿನಲ್ಲಿ (ಬೆಟ್ಟ, ಹೊಳೆ, ರಸ್ತೆ ವಿವರವಾಗಿ ತೋರಿಸುವ ಸರ್ವೇ ನಕ್ಷೆ) ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವ ಜಾಗದ ಪ್ರೊಫೈಲನ್ನು, ಅಂದರೆ ಏರಿಳಿತದ ಅಡ್ಡನೋಟವನ್ನು, ಗ್ರಾಫ್ ಹಾಳೆಯ ಮೇಲೆ ತಾನೇ ಬರೆದವಳಿಗೆ ಮಾತ್ರ, ರಸ್ತೆ ಯಾಕೆ ಅಷ್ಟು ಸುತ್ತಿ ಸುತ್ತಿ ಇಳಿಯುತ್ತದೆ ಎಂಬುದು ಅರ್ಥವಾಗುತ್ತದೆ. ಆ ಒಂದು ಗಂಟೆಯ ಕೆಲಸಕ್ಕೆ ಮೇಜು, ಶೀಟು, ಬೆಳಕು ಬೇಕು. ಲ್ಯಾಬ್ ಇರುವುದು ಅದಕ್ಕೆ.

ಸೇರೋ ಮುಂಚೆ ಲ್ಯಾಬ್ ನೋಡೋಕೆ ಹೋದ್ರೆ ಏನೇನು ನೋಡ್ಬೇಕು?

ತುಂಬಾ ಜನ ಕಂಪ್ಯೂಟರ್ ಎಣಿಸಿ ಬರುತ್ತಾರೆ. ನಾನು ಹೇಳುವುದು, ಮೊದಲು ಮೇಜು ನೋಡಿ. ನಕ್ಷೆ ಬಿಡಿಸಿ ಹರಡುವಷ್ಟು ದೊಡ್ಡ ಮೇಜು ಇದೆಯಾ? ಕೆಳಗಿನಿಂದ ಬೆಳಕು ಬರುವ ಗಾಜಿನ ಟ್ರೇಸಿಂಗ್ ಮೇಜು ಒಂದಾದರೂ ಇದೆಯಾ? ನಕ್ಷೆಗಳನ್ನು ಮಡಚದೆ ಚಪ್ಪಟೆಯಾಗಿ ಇಡುವ ಕಬೋರ್ಡ್ ಇದೆಯಾ?

ಆಮೇಲೆ ಉಪಕರಣ. ದಿಕ್ಕಿನ ಕೋನ ಓದುವ ಪ್ರಿಸ್ಮ್ಯಾಟಿಕ್ ಕಂಪಾಸ್, ಹೊರಗೆ ನಿಂತೇ ನಕ್ಷೆ ಬರೆಯುವ ಪ್ಲೇನ್ ಟೇಬಲ್ ಮತ್ತು ಅದರ ಮೇಲಿಟ್ಟು ಗುರಿ ನೋಡುವ ಪಟ್ಟಿಯಾದ ಅಲಿಡೇಡ್, ಎತ್ತರದ ವ್ಯತ್ಯಾಸ ಅಳೆಯುವ ಡಂಪಿ ಲೆವೆಲ್, ಇಳಿಜಾರಿನ ಕೋನ ಅಳೆಯುವ ಕ್ಲೈನೋಮೀಟರ್, ಚೈನ್ ಮತ್ತು ಟೇಪ್, ನಕ್ಷೆಯ ಮೇಲೆ ದೂರ ಅಳೆಯುವ ರೋಟಾಮೀಟರ್, ಜೋಡಿ ಏರಿಯಲ್ ಫೋಟೋ ನೋಡುವ ಸ್ಟೀರಿಯೋಸ್ಕೋಪ್ ಇವು ಇರಬೇಕು. ಕಲ್ಲುಗಳ ಪೆಟ್ಟಿಗೆಯೂ ಇರಬೇಕು. ಅದರಲ್ಲಿ ಅಂಗಡಿಯಿಂದ ತರಿಸಿದ ಮಾದರಿಗಳ ಜೊತೆ ನಮ್ಮೂರಿನ ನೈಸ್, ಚಾರ್ನೊಕೈಟ್, ಮುರಕಲ್ಲು ಇದ್ದು, ಎಲ್ಲಿಂದ ತಂದದ್ದು ಎಂದು ಚೀಟಿ ಅಂಟಿಸಿದ್ದರೆ ಅಲ್ಲಿ ಯಾರೋ ಮನಸ್ಸಿಟ್ಟು ಕಲಿಸುತ್ತಿದ್ದಾರೆ ಎಂದು ತಿಳಿಯಿರಿ. ಹೊರಗೆ ಥರ್ಮಾಮೀಟರ್ ಇಡುವ ಬಿಳಿ ಬಣ್ಣದ ಸ್ಟೀವನ್ಸನ್ ಪೆಟ್ಟಿಗೆ ಇದ್ದರೆ ಅದರ ಬಾಗಿಲು ಯಾವ ಕಡೆಗಿದೆ ನೋಡಿ. ನಮ್ಮಲ್ಲಿ ಅದು ಉತ್ತರಕ್ಕೆ ಇರಬೇಕು. ಬಾಗಿಲು ತೆರೆದಾಗ ಬಿಸಿಲು ನೇರವಾಗಿ ಥರ್ಮಾಮೀಟರಿಗೆ ಬೀಳಬಾರದು ಎಂಬುದು ಕಾರಣ.

ಇನ್ನೊಂದು ಮಾತು. ಎಷ್ಟು ಸಾಮಾನು ಇದೆ ಎನ್ನುವುದಕ್ಕಿಂತ ಎಷ್ಟು ಬಳಕೆಯಾಗಿದೆ ನೋಡಿ. ಫಳಫಳ ಹೊಳೆಯುವ ಕಂಪಾಸಿಗಿಂತ ಚರ್ಮದ ಚೀಲ ಸವೆದ ಕಂಪಾಸ್ ಒಳ್ಳೆಯದು. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು, ಪ್ಲೇನ್ ಟೇಬಲ್ ಕೊನೆಗೆ ಯಾವಾಗ ಹೊರಗೆ ತೆಗೆದಿರಿ ಎಂದು ಕೇಳಿ. ಉತ್ತರಕ್ಕೆ ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದರಲ್ಲೇ ನಿಮಗೆ ಬೇಕಾದ್ದು ಸಿಗುತ್ತದೆ.

ಕೊಡಗಲ್ಲೇ ಇದ್ದು ಓದ್ಬಹುದಾ, ಇಲ್ಲ ಮೈಸೂರಿಗೇ ಹೋಗ್ಬೇಕಾ?

ಡಿಗ್ರಿಯ ಮಟ್ಟಕ್ಕೆ ಊರು ಬಿಡಲೇಬೇಕು ಎಂದೇನಿಲ್ಲ. ಯಾವ ಕಾಲೇಜಿನಲ್ಲಿ ಭೂಗೋಳ ಯಾವ ಕಾಂಬಿನೇಶನ್‌ನಲ್ಲಿ ಇದೆ ಎಂಬುದನ್ನು ಆಯಾ ವರ್ಷದ ಪ್ರವೇಶದ ಸಮಯದಲ್ಲೇ ಕಚೇರಿಯಲ್ಲಿ ಕೇಳಿ. ಹೋದ ವರ್ಷದ ಮಾತು ನಂಬಬೇಡಿ. ಚಿಕ್ಕ ಅಳುವಾರದಲ್ಲಿ ಮೊದಲು ಮಂಗಳೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಇತ್ತು. 2023ರಲ್ಲಿ ಅಲ್ಲೇ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು.

ಸ್ನಾತಕೋತ್ತರ ಭೂಗೋಳಕ್ಕೆ ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ ಇವು ಹಳೆಯ ವಿಭಾಗಗಳು. ದೊಡ್ಡ ಗ್ರಂಥಾಲಯ, ಹಳೆಯ ಪ್ರಬಂಧಗಳು, ಜೊತೆಗೆ ಓದುವ ನಾನಾ ಜಿಲ್ಲೆಯವರು, ಇದೆಲ್ಲ ಅಲ್ಲಿ ಸಿಗುವ ಲಾಭ. ಆದರೆ ಎಲ್ಲಿಗೇ ಹೋದರೂ ಪ್ರಾಜೆಕ್ಟಿಗೆ ಕೊಡಗನ್ನೇ ಆರಿಸಿಕೊಳ್ಳಿ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ, ಬರೀ 4,102 ಚದರ ಕಿಲೋಮೀಟರಿನಲ್ಲಿ, ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿನಿಂದ ಪೂರ್ವದ ಎಲೆ ಉದುರುವ ಕಾಡಿನವರೆಗೆ ಎಲ್ಲ ಇದೆ. ಒಂದು ಕಡೆ ಕಾವೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಇನ್ನೊಂದು ಕಡೆ ಬರಪೊಳೆ ಕೇರಳಕ್ಕೆ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ.

ನಾನೇ ದುಡ್ಡು ಕೊಟ್ಟು ಏನೇನು ತಗೋಬೇಕು?

ಜಾಸ್ತಿ ಏನಿಲ್ಲ. ಒಳ್ಳೆಯ ಜಾಮಿಟ್ರಿ ಬಾಕ್ಸ್, ಉದ್ದದ ಸ್ಕೇಲು, ಗಟ್ಟಿ ಮತ್ತು ಮೃದು ಪೆನ್ಸಿಲು, ಟ್ರೇಸಿಂಗ್ ಪೇಪರ್, ಗ್ರಾಫ್ ಹಾಳೆ, ಮಳೆಗೆ ನೆನೆಯದ ಪ್ಲಾಸ್ಟಿಕ್ ಚೀಲ, ದಾರ ಕಟ್ಟಿದ ಒಂದು ನೋಟ್‌ಬುಕ್. ಫೀಲ್ಡಿನಲ್ಲಿ ಬಾಲ್‌ಪೆನ್ ಬೇಡ, ಪೆನ್ಸಿಲ್ ಇರಲಿ. ಒದ್ದೆ ಹಾಳೆಯ ಮೇಲೂ ಪೆನ್ಸಿಲ್ ಬರೆಯುತ್ತದೆ.

## ನಕ್ಷೆ ಮತ್ತು ಉಪಕರಣ

ನಮ್ಮೂರಿನ ಟೋಪೋಶೀಟ್ ನಂಬರ್ ಯಾವುದು, ಎಲ್ಲಿ ಸಿಗುತ್ತೆ?

ಸರ್ವೇ ಆಫ್ ಇಂಡಿಯಾದ ಹಳೆಯ ಲೆಕ್ಕದಲ್ಲಿ ಕೊಡಗಿನ ಬಹುಪಾಲು 48 ಪಿ ಎಂಬ ಡಿಗ್ರಿ ಶೀಟಿನಲ್ಲಿ ಬರುತ್ತದೆ. ಅದು 12ರಿಂದ 13 ಡಿಗ್ರಿ ಉತ್ತರ, 75ರಿಂದ 76 ಡಿಗ್ರಿ ಪೂರ್ವ. ಅದನ್ನು 16 ತುಂಡು ಮಾಡಿದರೆ 1:50,000 ಶೀಟುಗಳು ಸಿಗುತ್ತವೆ. ಸೋಮವಾರಪೇಟೆ 48 ಪಿ/14ರಲ್ಲಿ, ಕುಶಾಲನಗರ 48 ಪಿ/15ರಲ್ಲಿ, ವಿರಾಜಪೇಟೆ ಮತ್ತು ಗೋಣಿಕೊಪ್ಪ 48 ಪಿ/16ರಲ್ಲಿ, ಪುಷ್ಪಗಿರಿ 48 ಪಿ/10ರಲ್ಲಿ, ತಡಿಯಂಡಮೋಳ್ ಬೆಟ್ಟ 48 ಪಿ/12ರಲ್ಲಿ. ಭಾಗಮಂಡಲ 48 ಪಿ/11.

ಮಡಿಕೇರಿಯವರಿಗೆ ಒಂದು ತೊಂದರೆ ಇದೆ. ಊರು 48 ಪಿ/11ರ ಪೂರ್ವ ಅಂಚಿಗೆ ಅಂಟಿಕೊಂಡಂತಿದೆ. ಹಾಗಾಗಿ ಪಕ್ಕದ 48 ಪಿ/15 ಇಲ್ಲದೆ ಊರಿನ ಸುತ್ತಲಿನ ನಕ್ಷೆ ಪೂರ್ತಿಯಾಗುವುದಿಲ್ಲ. ಎರಡನ್ನೂ ಅಂಚು ಕೂಡಿಸಿ ಓದುವುದನ್ನು ಮೊದಲ ತಿಂಗಳಲ್ಲೇ ಕಲಿತುಬಿಡಿ. ಕುಟ್ಟದ ಕಡೆ 12 ಡಿಗ್ರಿ ರೇಖೆ ದಾಟುವುದರಿಂದ ಡಿಗ್ರಿ ಶೀಟೇ ಬದಲಾಗುತ್ತದೆ.

ಸಿಗುವುದು ಈಗ ಸುಲಭ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಮೇಲೆ ಸಾರ್ವಜನಿಕರಿಗೆ ಓಪನ್ ಸೀರೀಸ್ ನಕ್ಷೆಗಳು ಬಂದವು. 2017ರಿಂದ ಅವುಗಳ ಪಿಡಿಎಫ್ ಅನ್ನು ಸರ್ವೇ ಆಫ್ ಇಂಡಿಯಾದ ಪೋರ್ಟಲಿನಿಂದ ಹೆಸರು ನೋಂದಾಯಿಸಿ ಉಚಿತವಾಗಿ ಇಳಿಸಿಕೊಳ್ಳಬಹುದು. ಹೊಸ ಸರಣಿಯ ನಂಬರ್ ಬೇರೆ ಇರುತ್ತದೆ, ಗಾಬರಿ ಬೇಡ. ನಿಮ್ಮೂರಿನ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ಶೀಟು ಸಿಕ್ಕೇ ಸಿಗುತ್ತದೆ.

ಫೋನಲ್ಲೇ ಜಿಪಿಎಸ್ ಇದೆ. ಕಂಪಾಸ್, ಪ್ಲೇನ್ ಟೇಬಲ್ ಎಲ್ಲಾ ಯಾಕೆ ಕಲೀಬೇಕು?

ಬಯಲಿನಲ್ಲಿ ನಿಂತು ಕೇಳಿದರೆ ಈ ಪ್ರಶ್ನೆ ಸರಿ. ಕಾಫಿ ತೋಟದೊಳಗೆ ನಿಂತು ಕೇಳಿ ನೋಡಿ. ತಲೆಯ ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು. ಪಕ್ಕದಲ್ಲಿ ಬೆಟ್ಟದ ಗೋಡೆ. ಉಪಗ್ರಹದ ಸಿಗ್ನಲ್ ಎಲೆಗಳಿಗೆ ತಾಗಿ, ಇಳಿಜಾರಿಗೆ ಬಡಿದು ಬರುತ್ತದೆ. ಫೋನಿನ ಚುಕ್ಕಿ ಕೂತಲ್ಲೇ ಕುಣಿಯುತ್ತದೆ. ಅಂಥ ಕಡೆ ತೋಟದ ಒಂದು ಬ್ಲಾಕಿನ ಗಡಿ ಬರೆಯಬೇಕಾದರೆ ಕಂಪಾಸ್ ಮತ್ತು ಟೇಪ್ ಹಿಡಿದು ಸುತ್ತುವುದೇ ನಂಬಿಕೆಯ ದಾರಿ.

ಮಾಡುವಾಗ ಒಂದು ಎಚ್ಚರ. ಬೇರಿಂಗ್ ಎಂದರೆ ಉತ್ತರದಿಂದ ಅಳೆದ ಕೋನ. ಒಂದು ಸಾಲಿನ ಈ ತುದಿಯಿಂದ ಓದಿದ ಮುಂದಿನ ಬೇರಿಂಗಿಗೂ ಆ ತುದಿಯಿಂದ ತಿರುಗಿ ಓದಿದ ಹಿಂದಿನ ಬೇರಿಂಗಿಗೂ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಇರಬೇಕು. ಇಲ್ಲದಿದ್ದರೆ ಹತ್ತಿರದಲ್ಲಿ ಕಬ್ಬಿಣ ಇದೆ ಎಂದರ್ಥ. ನಮ್ಮಲ್ಲಿ ಅದು ಸಾಮಾನ್ಯವಾಗಿ ಮುಳ್ಳುತಂತಿ ಬೇಲಿ, ತೋಟದ ಗೇಟು, ಇಲ್ಲವೇ ನಿಮ್ಮದೇ ಸೊಂಟದ ಕತ್ತಿ. ನಾನೂ ಒಮ್ಮೆ ಇಡೀ ಮಧ್ಯಾಹ್ನದ ರೀಡಿಂಗ್ ಬೇಲಿ ಪಕ್ಕದಲ್ಲಿ ತೆಗೆದು, ಮರುದಿನ ಎಲ್ಲವನ್ನೂ ಹೊಸದಾಗಿ ತೆಗೆದಿದ್ದೇನೆ. ಆವತ್ತಿನಿಂದ ಹಿಂದಿನ ಬೇರಿಂಗ್ ನೋಡದೆ ಒಂದು ಹೆಜ್ಜೆ ಮುಂದೆ ಹೋಗಿಲ್ಲ.

ಪ್ಲೇನ್ ಟೇಬಲ್ ಕಲಿಯಲು ಬೇರೆ ಕಾರಣ ಇದೆ. ಅದರಲ್ಲಿ ಜಾಗ ನೋಡುತ್ತಾ ನೋಡುತ್ತಾ ಅಲ್ಲೇ ನಕ್ಷೆ ಹುಟ್ಟುತ್ತದೆ. ಏನು ಬಿಟ್ಟುಹೋಯಿತು ಎಂಬುದು ಅಲ್ಲಿದ್ದಾಗಲೇ ಕಣ್ಣಿಗೆ ಬೀಳುತ್ತದೆ, ಮನೆಗೆ ಬಂದ ಮೇಲೆ ಅಲ್ಲ.

ಮಳೆಗಾಲ ಬಂದ್ರೆ ಲ್ಯಾಬ್ ಸಾಮಾನೆಲ್ಲಾ ಬೂಸ್ಟು ಹಿಡಿಯುತ್ತೆ. ಏನು ಮಾಡೋದು?

ಇದು ಕೊಡಗಿನ ಲ್ಯಾಬುಗಳ ನಿಜವಾದ ಕಾಯಿಲೆ. ಸ್ಟೀರಿಯೋಸ್ಕೋಪ್, ಡಂಪಿ ಲೆವೆಲ್‌ಗಳ ಲೆನ್ಸಿಗೆ ಫಂಗಸ್ ಒಮ್ಮೆ ಬೇರು ಬಿಟ್ಟರೆ ಗಾಜೇ ಹಾಳು. ಹಿಂದಿನವರು ಕಬೋರ್ಡಿನಲ್ಲಿ ಹಳೆಯ ಕಾಲದ ಬಲ್ಬ್ ಉರಿಸಿಡುತ್ತಿದ್ದರು. ಈಗಲೂ ಅದು ನಡೆಯುತ್ತದೆ. ಆದರೆ ಕರೆಂಟು ದಿನಗಟ್ಟಲೆ ಹೋಗುವ ಜುಲೈನಲ್ಲಿ ಅದನ್ನೇ ನಂಬಿ ಕೂರಲಾಗದು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಉಪಕರಣ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಅಡುಗೆ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ. ಚರ್ಮದ ಚೀಲದೊಳಗೆ ಕಂಪಾಸ್ ಬಿಡಬೇಡಿ, ಬೂಸ್ಟು ಮೊದಲು ಬರುವುದು ಚರ್ಮಕ್ಕೆ.

ಕಾಗದದ ನಕ್ಷೆಯ ವಿಷಯ ಇನ್ನೂ ಸೂಕ್ಷ್ಮ. ಥಂಡಿಗೆ ಕಾಗದ ಹಿಗ್ಗುತ್ತದೆ. 1:50,000ರಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ. ಎಂದು ಸ್ಕೇಲು ಇಟ್ಟು ಅಳೆದರೆ ಜುಲೈನಲ್ಲಿ ಬಂದ ಉತ್ತರ ಜನವರಿಯಲ್ಲಿ ಬರದೇ ಇರಬಹುದು. ಶೀಟಿನ ಕೆಳಗೆ ಅಚ್ಚಾದ ಗೆರೆ ಅಳತೆಯನ್ನೇ ಬಳಸಿ. ಕಾಗದ ಹಿಗ್ಗಿದರೆ ಅದೂ ಜೊತೆಗೆ ಹಿಗ್ಗುತ್ತದೆ, ಲೆಕ್ಕ ತಪ್ಪುವುದಿಲ್ಲ. ಹಳೆಯ ಮೂಲ ಶೀಟಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಒಳಗೆ ತೇವ ಸಿಕ್ಕಿಕೊಂಡರೆ ತೆಗೆಯಲು ದಾರಿಯೇ ಇಲ್ಲ. ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದು, ಆ ಪ್ರಿಂಟಿಗೆ ಬೇಕಾದ್ದು ಮಾಡಿ.

ಕಾಲೇಜಲ್ಲಿ ಹವಾಮಾನ ಕೇಂದ್ರ ಇಲ್ಲ. ಮನೇಲೇ ಮಳೆ ಅಳೀಬಹುದಾ?

ಖಂಡಿತ ಅಳೆಯಬಹುದು. ಎಲ್ಲಕ್ಕಿಂತ ಮೊದಲು ಇದನ್ನೇ ಶುರು ಮಾಡಿ ಎಂದು ನನ್ನ ಆಸೆ. ಕೊಡಗಿನಲ್ಲಿ ಮಳೆ ಅಳೆಯುವುದು ಮನೆಮಾತು. ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿತ್ತಾ, ಎಷ್ಟು ಸೆಂಟ್ ಬಿತ್ತು ಎಂದು ಫೋನಿನಲ್ಲಿ ವಿಚಾರಿಸದ ಬೆಳೆಗಾರರಿಲ್ಲ. ಅವರ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. 100 ಸೆಂಟ್ ಸೇರಿದರೆ 1 ಇಂಚು, 1 ಇಂಚು ಎಂದರೆ 25.4 ಮಿ.ಮೀ. ಹಾಗಾಗಿ 40 ಸೆಂಟ್ ಮಳೆ ಎಂದರೆ ಸುಮಾರು 10 ಮಿ.ಮೀ.

ಸೈಮನ್ಸ್ ಮಳೆಮಾಪಕದ ಬಾಯಿ 127 ಮಿ.ಮೀ. ಅಗಲ, ಅಂದರೆ 5 ಇಂಚು. ನೆಲದಿಂದ ಬಾಯಿಯ ಅಂಚು 30 ಸೆಂ.ಮೀ. ಎತ್ತರದಲ್ಲಿರಬೇಕು. ಅದೇ ಅಗಲದ ಫನೆಲ್ ಒಂದನ್ನು ಬಾಟಲಿಗೆ ಕೂರಿಸಿದರೆ ಮನೆಯಲ್ಲೇ ಒಂದು ತಯಾರು. ಲೆಕ್ಕ ಸರಳ. ಆ ಬಾಯಿಗೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 12.7 ಮಿಲಿಲೀಟರ್ ನೀರು ಸೇರುತ್ತದೆ. ಔಷಧಿ ಅಳೆಯುವ ಸಿಲಿಂಡರ್ ಇದ್ದರೆ ಸಾಕು. ಮರದ ಕೆಳಗೆ, ಹೆಂಚಿನ ಪಕ್ಕ ಇಡಬೇಡಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಿ, ಏಕೆಂದರೆ ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಓದುತ್ತಾರೆ. ಆಗ ನಿಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕದಲ್ಲಿ ಇಡಬಹುದು.

ಆಗಸ್ಟಿನಲ್ಲಿ ಒಂದು ಮುನ್ನೆಚ್ಚರಿಕೆ ಬೇಕು. ಸೈಮನ್ಸ್ ಮಾಪಕದ ಬಾಟಲಿ ಹಿಡಿಯುವುದು 75ರಿಂದ 100 ಮಿ.ಮೀ. ಮಳೆ ಮಾತ್ರ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದು ಹೊಸದಲ್ಲ. ಅಂಥ ದಿನ ರಾತ್ರಿಯೂ ಎದ್ದು ಖಾಲಿ ಮಾಡಿ, ಬರೆದಿಟ್ಟು, 8.30ಕ್ಕೆ ಎಲ್ಲ ಕೂಡಿಸಬೇಕು. ತುಂಬಿ ಚೆಲ್ಲಿದ್ದರೆ ಅಂದಾಜು ಬರೆಯಬೇಡಿ, ‘ತುಂಬಿ ಹರಿದಿದೆ’ ಎಂದೇ ಬರೆಯಿರಿ.

ಎರಡನೇ ವರ್ಷದ ಒಂದು ಗುಂಪು ಭಾಗಮಂಡಲ, ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರದ ಮನೆಗಳಲ್ಲಿ ಹೀಗೆ ಒಂದೊಂದು ಮಾಪಕ ಇಟ್ಟರೆ ಏನಾಗುತ್ತದೆ ಯೋಚಿಸಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ. ಅಷ್ಟರಲ್ಲೇ ಮಳೆ ಎಷ್ಟು ಇಳಿಯುತ್ತದೆ ಎಂಬುದು ನಿಮ್ಮ ಕೈಬರಹದಲ್ಲೇ ಸಿಗುತ್ತದೆ. ಬೆಟ್ಟದ ಆಚೆ ಬದಿಗೆ ಮಳೆ ಕಡಿಮೆಯಾಗುವ ಮಳೆಯ ನೆರಳು ಎಂಬ ಪಾಠ ಆಮೇಲೆ ಮರೆಯುವುದಿಲ್ಲ.

## ಕಂಪ್ಯೂಟರಿನ ಕೆಲಸ

ಜಿಐಎಸ್ ಲ್ಯಾಬ್ ಇಲ್ಲ. ಸ್ವಂತ ಲ್ಯಾಪ್‌ಟಾಪಲ್ಲಿ ಕಲಿಯೋಕಾಗುತ್ತಾ?

ಆಗುತ್ತದೆ. ಜಿಐಎಸ್ ಎಂದರೆ ಕಂಪ್ಯೂಟರಿನಲ್ಲಿ ನಕ್ಷೆಗಳನ್ನು ಪದರ ಪದರವಾಗಿ ಜೋಡಿಸಿ ಅಳೆಯುವ ವಿಧಾನ. ಅದನ್ನು ಮಾಡುವ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಲೈಸೆನ್ಸ್ ರಗಳೆ ಇಲ್ಲ. 8 ಜಿಬಿ ರ‍್ಯಾಮ್ ಇದ್ದರೆ ತಾಲ್ಲೂಕಿನ ಮಟ್ಟದ ಕೆಲಸಕ್ಕೆ ಧಾರಾಳ. ಇನ್‌ಸ್ಟಾಲರ್ ಫೈಲನ್ನು ಒಬ್ಬರು ಪೆನ್‌ಡ್ರೈವಿಗೆ ಹಾಕಿ ಹಂಚಿಕೊಳ್ಳಿ. ಹಳ್ಳಿಯಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವ ಕಷ್ಟ ಎಲ್ಲರಿಗೂ ಯಾಕೆ?

ಪ್ರಾಜೆಕ್ಷನ್ (ಗುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ) ಕೇಳಿದಾಗ, ಮೀಟರಿನಲ್ಲಿ ಅಳೆಯುವ ಯುಟಿಎಂ ವಲಯ 43 ಉತ್ತರ ಆರಿಸಿ. ಇಡೀ ಕೊಡಗು ಅದರೊಳಗೆ ಬರುತ್ತದೆ. ಡಿಗ್ರಿಯಲ್ಲೇ ಇಟ್ಟು ವಿಸ್ತೀರ್ಣ ಅಳೆಯಲು ಹೋಗಿ ಅರ್ಥವಿಲ್ಲದ ಅಂಕಿ ಬಂತು ಎಂದು ಪ್ರತಿವರ್ಷ ಯಾರಾದರೂ ಓಡಿ ಬರುತ್ತಾರೆ. ಡೆಹ್ರಾಡೂನಿನ ಐಐಆರ್‌ಎಸ್ ಸಂಸ್ಥೆ ದೂರಸಂವೇದಿ (ಉಪಗ್ರಹ, ವಿಮಾನದಿಂದ ನೆಲವನ್ನು ನೋಡುವ ವಿದ್ಯೆ) ಮತ್ತು ಜಿಐಎಸ್ ಬಗ್ಗೆ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತದೆ, ಸರ್ಟಿಫಿಕೇಟನ್ನೂ ಕೊಡುತ್ತದೆ. ಉಪಗ್ರಹ ಚಿತ್ರ ತೋರಿಸುವ ಇಸ್ರೋದ ಭುವನ್ ಪೋರ್ಟಲ್ 2009ರಿಂದ ಇದೆ. ರಾಜ್ಯದ ಪದರಗಳಿಗೆ ಕರ್ನಾಟಕ ರಾಜ್ಯ ದೂರಸಂವೇದಿ ಕೇಂದ್ರದ ಕೆಜಿಐಎಸ್ ಪೋರ್ಟಲ್ ನೋಡಿ. ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್.

ಉಪಗ್ರಹ ಚಿತ್ರ ಇಳಿಸಿದ್ರೆ ಬರೀ ಮೋಡ ಕಾಣುತ್ತೆ. ನಾನೇನಾದ್ರೂ ತಪ್ಪು ಮಾಡ್ತಿದ್ದೀನಾ?

ತಪ್ಪು ತಿಂಗಳಿನದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನ ಮೇಲೆ ಮೋಡವಿಲ್ಲದ ಚಿತ್ರ ಸಿಗುವುದು ಅಪರೂಪ. ಯುರೋಪಿನ ಸೆಂಟಿನೆಲ್ 2ರ ಎರಡು ಉಪಗ್ರಹ ಸೇರಿ 5 ದಿನಕ್ಕೊಮ್ಮೆ ಬರುತ್ತವೆ, 10 ಮೀಟರ್ ವಿವರ ಕೊಡುತ್ತವೆ, ಅಂದರೆ ಚಿತ್ರದ ಒಂದು ಚುಕ್ಕಿ ನೆಲದ 10 ಮೀಟರ್ ಚೌಕ. ಲ್ಯಾಂಡ್‌ಸ್ಯಾಟ್ 30 ಮೀಟರ್, ಒಂದು ಉಪಗ್ರಹಕ್ಕೆ 16 ದಿನ. ಎರಡೂ ಉಚಿತ. ಡಿಸೆಂಬರ್‌ನಿಂದ ಫೆಬ್ರವರಿಯ ಚಿತ್ರ ಆರಿಸಿಕೊಳ್ಳಿ. ಮಳೆಗಾಲದ್ದೇ ಬೇಕೆಂದರೆ ಮೋಡ ದಾಟಿ ನೋಡುವ ಸೆಂಟಿನೆಲ್ 1 ರೇಡಾರ್ ಇದೆ. ಆದರೆ ಕಡಿದಾದ ಬೆಟ್ಟಗಳಲ್ಲಿ ರೇಡಾರ್ ಚಿತ್ರ ಮಡಚಿಕೊಂಡಂತೆ, ನೆರಳು ಬಿದ್ದಂತೆ ಕಾಣುತ್ತದೆ. ಮೊದಲ ಪ್ರಾಜೆಕ್ಟಿಗೆ ಅದು ಬೇಡ.

ಕಂಪ್ಯೂಟರ್ ನಮ್ಮ ತೋಟವನ್ನೇ ಕಾಡು ಅಂತ ತೋರಿಸುತ್ತೆ. ಸರಿ ಮಾಡೋದು ಹೇಗೆ?

ತುಂಬಾ ಒಳ್ಳೆಯ ಪ್ರಶ್ನೆ. ಕೊಡಗಿನ ಭೂಬಳಕೆ ನಕ್ಷೆಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಮೇಲಿನಿಂದ ನೋಡುವ ಕಣ್ಣಿಗೆ ಕಾಣುವುದು ನೆರಳಿನ ಮರಗಳ ತಲೆ. ಅವುಗಳ ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ. ಅದನ್ನು ಹಾಗೇ ಬಿಟ್ಟರೆ ಜಿಲ್ಲೆಯ ಕಾಡು ಕಾಗದದ ಮೇಲೆ ಸುಮ್ನೆ ಬೆಳೆದುಬಿಡುತ್ತದೆ.

ಒಂದೇ ದಿನದ ಚಿತ್ರದಿಂದ ಇದು ಬಗೆಹರಿಯುವುದಿಲ್ಲ. ವರ್ಷದ ಬೇರೆ ಬೇರೆ ತಿಂಗಳ ಚಿತ್ರ ಜೋಡಿಸಿ. ನಾಗರಹೊಳೆ ಕಡೆಯ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ, ಪಶ್ಚಿಮದ ಕಾಡು ಉದುರಿಸುವುದಿಲ್ಲ. ತೋಟದಲ್ಲಿ ಮಳೆಗೆ ಮುಂಚೆ ಮರ ಕಪಾತು ಮಾಡುತ್ತಾರೆ, ಆಗ ನೆರಳು ತೆಳುವಾಗುತ್ತದೆ. ಗದ್ದೆ ನಾಟಿಯ ಹೊತ್ತಿಗೆ ನೀರು, ಆಮೇಲೆ ಹಸಿರು, ಕೊಯ್ಲಿನ ನಂತರ ಬರೀ ಮಣ್ಣು. ಈ ಪಂಚಾಂಗ ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಊರಿನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಯ ದೊಡ್ಡ ಬಲ ಇದು. ನಡೆದು ಹೋಗಿ ಪ್ರತಿ ಬಗೆಗೂ ಹಲವಾರು ಜಾಗ ಗುರುತು ಮಾಡಿ. ಅರ್ಧವನ್ನು ಕಂಪ್ಯೂಟರಿಗೆ ಕಲಿಸಲು ಬಳಸಿ, ಉಳಿದರ್ಧವನ್ನು ಅದರ ಉತ್ತರ ಪರೀಕ್ಷಿಸಲು ಮುಟ್ಟದೆ ಇಡಿ.

ಬಗೆಗಳ ಹೆಸರಲ್ಲೂ ಎಚ್ಚರ ಬೇಕು. ಬಾಣೆ, ಜಮ್ಮ, ಪೈಸಾರಿ ಇವು ಜಮೀನಿನ ಹಕ್ಕಿನ ಮಾತು. ಕಾಫಿ, ಗದ್ದೆ, ಕಾಡು ಇವು ನೆಲದ ಮೇಲೆ ಕಾಣುವ ಬಳಕೆ. ಬಾಣೆಯಲ್ಲಿ ಕಾಫಿಯೂ ಇರಬಹುದು, ಕಾಡೂ ಇರಬಹುದು. ಒಂದೇ ನಕ್ಷೆಯಲ್ಲಿ ಎರಡನ್ನೂ ಬೆರೆಸಬೇಡಿ. ದೇವರಕಾಡುಗಳನ್ನು ಮಾತ್ರ ಬೇರೆ ಪದರವಾಗಿ ಗುರುತಿಸಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚಿವೆ, ಆದರೆ ಎಷ್ಟೋ ಕಡೆ 30 ಮೀಟರ್ ಚಿತ್ರದಲ್ಲಿ ಕಾಣದಷ್ಟು ಚಿಕ್ಕವು.

## ಹೊರಗಿನ ಕೆಲಸ

ಫೀಲ್ಡ್ ವರ್ಕ್ ಯಾವ ತಿಂಗಳಲ್ಲಿ ಇಟ್ಕೊಳ್ಳೋದು ಒಳ್ಳೇದು?

ನವೆಂಬರ್ ಕೊನೆಯಿಂದ ಫೆಬ್ರವರಿ. ದಾರಿ ಒಣಗಿರುತ್ತದೆ, ಜಿಗಣೆ ಇರುವುದಿಲ್ಲ, ದೂರದ ಬೆಟ್ಟ ಕಾಣುತ್ತದೆ. ಆದರೆ ಅದು ಕಾಫಿ ಕೊಯ್ಲಿನ ಸಮಯವೂ ಹೌದು. ತೋಟದ ಜನ ಬೆಳಗಿನಿಂದ ಸಂಜೆ ತನಕ ದುಡಿಯುತ್ತಿರುತ್ತಾರೆ. ಪ್ರಶ್ನಾವಳಿ ಹಿಡಿದು ಕೆಲಸದ ಮಧ್ಯೆ ನಿಲ್ಲಬೇಡಿ, ಸಂಜೆ ಹೋಗಿ. ಮಳೆಗಾಲವನ್ನು ಮೇಜಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಕಾಡಿಗೆ, ತೋಟಕ್ಕೆ ಹೋಗೋಕೆ ಪರ್ಮಿಶನ್ ಬೇಕಾ? ಡ್ರೋನ್ ಹಾರಿಸ್ಬಹುದಾ?

ಬೇಕು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಜೀವಿ ಧಾಮಗಳಿಗೂ ನಾಗರಹೊಳೆಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೆಜ್ಜೆ ಇಡಬೇಡಿ. ವಿಭಾಗದ ಮುಖ್ಯಸ್ಥರ ಪತ್ರದ ಜೊತೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಕೊಡಿ. ತೋಟಕ್ಕೆ ಮಾಲೀಕರ ಒಪ್ಪಿಗೆ. ಆನೆ ಓಡಾಟ ಇದೆಯಾ ಎಂದು ಆವತ್ತು ಬೆಳಿಗ್ಗೆಯೇ ಊರವರನ್ನು ಕೇಳಿ, ಅವರು ಬೇಡ ಎಂದರೆ ವಾಪಸ್ ಬನ್ನಿ. ಡ್ರೋನಿಗೆ 2021ರ ಡ್ರೋನ್ ನಿಯಮಗಳು ಇವೆ. ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗದ ಬಣ್ಣ ನೋಡದೆ ಹಾರಿಸಬೇಡಿ.

ಭೂಕುಸಿತದ ಮೇಲೆ ಪ್ರಾಜೆಕ್ಟ್ ಮಾಡ್ಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡ್ಲಿ?

ಮಾಡಿ. ಆದರೆ ಇದು ಜನರ ನೋವಿನ ವಿಷಯ ಎಂಬುದು ಮೊದಲ ದಿನದಿಂದ ನೆನಪಿರಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ ಸುತ್ತ ಬೆಟ್ಟಗಳೇ ಜಾರಿದವು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಮನೆ ಕಳೆದುಕೊಂಡವರ ಹತ್ತಿರ ಫಾರ್ಮ್ ತುಂಬಿಸಲು ಹೋಗಬೇಡಿ. ನೆಲವೇ ಹೇಳುವ ವಿಷಯವನ್ನು ನೆಲದಿಂದ ತಿಳಿಯಿರಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲಿನಲ್ಲಿ ಭೂಕುಸಿತದ ಜಾಗಗಳೂ ಕಲ್ಲಿನ ನಕ್ಷೆಯೂ ಸಿಗುತ್ತವೆ. ಪಂಚಾಯಿತಿ ಮಟ್ಟದ ಮಳೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ಕೇಳಿ. 2018ರ ಜನವರಿ ಮತ್ತು 2019ರ ಜನವರಿಯ ಸೆಂಟಿನೆಲ್ ಚಿತ್ರ ಪಕ್ಕಪಕ್ಕ ಇಟ್ಟರೆ ಜಾರಿದ ಗಾಯಗಳು ಬಿಳಿಚಿಕೊಂಡು ಕಾಣುತ್ತವೆ. ಅವುಗಳ ಮೇಲೆ ಇಳಿಜಾರು, ರಸ್ತೆ, ಭೂಬಳಕೆಯ ಪದರ ಹಾಕಿ. ಬೆಟ್ಟ ಕಡಿದು ಮಾಡಿದ ರಸ್ತೆ, ಮನೆಯ ನಿವೇಶನ ಇವುಗಳಿಂದ ಎಷ್ಟು ದೂರದಲ್ಲಿ ಜಾರಿದೆ ಎಂದು ಅಳೆಯಿರಿ. ಅದು ಡಿಗ್ರಿಯ ಮಟ್ಟದಲ್ಲೇ ಆಗುವ ಕೆಲಸ. ಮುಂದೆ ಎಲ್ಲಿ ಜಾರುತ್ತದೆ ಎಂದು ಊರಿನ ಹೆಸರು ಬರೆದು ಹಂಚಬೇಡಿ. ಅದು ಹೇಳಲು ಬೋರ್ ಹಾಕಿ ಮಣ್ಣು ನೋಡಿದ ತಜ್ಞರು ಬೇಕು.

## ಪ್ರಬಂಧ ಬರೆಯುವವರಿಗೆ

ಲ್ಯಾಬ್ ಇದೆ, ಆದ್ರೆ ಯಾವಾಗ್ಲೂ ಬೀಗ. ಹೇಗೆ ಕೇಳೋದು?

ನಾನು ಓದುವಾಗ ನಮ್ಮಲ್ಲೂ ಹೀಗೇ ಇತ್ತು. ಹೊಸ ಕಂಪ್ಯೂಟರುಗಳು ಒಂದು ವರ್ಷ ಪೆಟ್ಟಿಗೆಯಲ್ಲೇ ಕೂತಿದ್ದವು. ನಾವು ಲ್ಯಾಬ್ ಕೊಡಿ ಎಂದು ಕೂಗಿದಾಗ ಏನೂ ಆಗಲಿಲ್ಲ. ವಾರಕ್ಕೆ ಎರಡು ದಿನ, ಮಧ್ಯಾಹ್ನ ಎರಡರಿಂದ ನಾಲ್ಕು, ಕೀ ತೆಗೆದುಕೊಳ್ಳುವ ಇಬ್ಬರ ಹೆಸರು, ಒಂದು ರಿಜಿಸ್ಟರ್ ಎಂದು ಕಾಗದದಲ್ಲಿ ಬರೆದುಕೊಟ್ಟಾಗ ಬಾಗಿಲು ತೆರೆಯಿತು. ಹೆಚ್ಚಿನ ಕಡೆ ಬೀಗದ ಹಿಂದೆ ಇರುವುದು ಸಾಮಾನು ಕಳೆದರೆ ಯಾರು ಹೊಣೆ ಎಂಬ ಭಯ. ಆ ಭಯಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇರಲಿ.

ಕಾಲೇಜಿನ ಹೊರಗೂ ಬಾಗಿಲುಗಳಿವೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇವು ನಮ್ಮ ಜಿಲ್ಲೆಯಲ್ಲೇ ಇವೆ. ಮಣ್ಣು, ಹವಾಮಾನ, ಮರಗಳ ಬಗ್ಗೆ ನಿರ್ದಿಷ್ಟ ಪ್ರಶ್ನೆ ಇಟ್ಟುಕೊಂಡು, ಪತ್ರ ಹಿಡಿದು ಹೋಗಿ.

ಹಳೇ ಜನಗಣತಿಯಲ್ಲಿ ಕೊಡಗು ಸಿಗ್ತಾನೇ ಇಲ್ಲ. ಎಲ್ಲಿ ಹುಡುಕ್ಲಿ?

ಮೈಸೂರು ಸಂಪುಟದಲ್ಲಿ ಹುಡುಕುತ್ತಿದ್ದರೆ ಸಿಗುವುದಿಲ್ಲ. 1956ರ ನವೆಂಬರ್ 1ರ ತನಕ ಕೊಡಗು ಬೇರೆ ರಾಜ್ಯ. 1951ರ ಜನಗಣತಿಯಲ್ಲಿ ಅದು ಮದ್ರಾಸಿನ ಜೊತೆಗಿನ ಸಂಪುಟದಲ್ಲಿದೆ. ಹಳೆಯ ನಕ್ಷೆಗಳಲ್ಲಿ ಮಡಿಕೇರಿ ಮರ್ಕರಾ, ಕುಶಾಲನಗರ ಫ್ರೇಸರ್‌ಪೇಟೆ ಎಂದಿರುತ್ತದೆ. 2011ರ ಜನಗಣತಿಯಲ್ಲಿ ಜನಸಂಖ್ಯೆ 5,54,519, ತಾಲ್ಲೂಕು ಮೂರೇ. ಪೊನ್ನಂಪೇಟೆ, ಕುಶಾಲನಗರ ತಾಲ್ಲೂಕು ಆಮೇಲೆ ಬಂದವು. ಈಗಿನ ಐದು ತಾಲ್ಲೂಕಿನ ಗಡಿಗೆ ಹಳೆಯ ಅಂಕಿ ಅಂಟಿಸಬೇಡಿ, ಹಳ್ಳಿವಾರು ಕೂಡಿಸಿ.

ಹಳೇ ಶೀಟನ್ನ ಗೂಗಲ್ ಚಿತ್ರದ ಮೇಲೆ ಇಟ್ರೆ ನದಿ ಪಕ್ಕಕ್ಕೆ ಹೋಗುತ್ತೆ. ನದಿ ಜಾಗ ಬದಲಾಯ್ತಾ?

ಅವಸರದಲ್ಲಿ ಹಾಗೆ ಬರೆಯಬೇಡಿ. ಹಳೆಯ ಶೀಟುಗಳು ಎವರೆಸ್ಟ್ ಎಂಬ ಆಧಾರದ (ಭೂಮಿಯ ಆಕಾರ ಹಿಡಿದು ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವ ಚೌಕಟ್ಟು) ಮೇಲೆ, ಪಾಲಿಕೋನಿಕ್ ಪ್ರಾಜೆಕ್ಷನ್‌ನಲ್ಲಿ ಮಾಡಿದವು. ಈಗಿನ ಚಿತ್ರ, ಜಿಪಿಎಸ್ ಎಲ್ಲ ಡಬ್ಲ್ಯುಜಿಎಸ್ 84 ಎಂಬ ಬೇರೆ ಆಧಾರದ ಮೇಲೆ. ಆಧಾರ ಬದಲಿಸದೆ ಇಟ್ಟರೆ ಎಲ್ಲವೂ ಒಂದೇ ದಿಕ್ಕಿಗೆ ನೂರು ಮೀಟರಿಗೂ ಜಾಸ್ತಿ ಸರಿಯುತ್ತದೆ. ದೇವಸ್ಥಾನ, ಹಳೆಯ ಸೇತುವೆ, ರಸ್ತೆ ಕೂಡುವ ಜಾಗ ಇವೂ ನದಿಯಷ್ಟೇ ಸರಿದಿವೆಯಾ ನೋಡಿ. ಸರಿದಿದ್ದರೆ ತಪ್ಪು ಆಧಾರದ್ದು. ಅವು ಸರಿಯಾಗಿ ಕೂತು ಹೊಳೆ ಮಾತ್ರ ಆಚೀಚೆ ಆಗಿದ್ದರೆ ಆಗ ನಿಮಗೆ ನಿಜವಾದ ವಿಷಯ ಸಿಕ್ಕಿದೆ.

ಎತ್ತರದ ಡಿಜಿಟಲ್ ಮಾದರಿಯಲ್ಲಿ ತಡಿಯಂಡಮೋಳ್ ಕಡಿಮೆ ಬರುತ್ತೆ, ತೋಟ ಜಾಸ್ತಿ ಬರುತ್ತೆ. ಯಾವುದನ್ನ ನಂಬ್ಲಿ?

ಎರಡಕ್ಕೂ ಕಾರಣ ಇದೆ. ಎಸ್‌ಆರ್‌ಟಿಎಂ ಎಂಬ ಎತ್ತರದ ಮಾದರಿ 2000ದ ಫೆಬ್ರವರಿಯಲ್ಲಿ ರೇಡಾರಿನಿಂದ ಅಳೆದದ್ದು. 30 ಮೀಟರ್ ಚೌಕಕ್ಕೆ ಒಂದೇ ಎತ್ತರ ಕೊಡುತ್ತದೆ. ಚೂಪಾದ ಶಿಖರದ ತುದಿ ಸುತ್ತಲಿನ ಇಳಿಜಾರಿನ ಜೊತೆ ಬೆರೆತು ತಗ್ಗುತ್ತದೆ. ಹಾಗಾಗಿ 1,748 ಮೀಟರಿನ ತಡಿಯಂಡಮೋಳ್ ಗಿಡ್ಡವಾಗುತ್ತದೆ. ತೋಟದಲ್ಲಿ ಉಲ್ಟಾ. ರೇಡಾರ್ ಅಲೆ ದಟ್ಟ ಎಲೆಗಳ ನಡುವೆಯೇ ಹಿಂದಕ್ಕೆ ಬರುತ್ತದೆ, ನೆಲ ಮುಟ್ಟುವುದಿಲ್ಲ. ಮರದ ಎತ್ತರದ ಒಂದು ಪಾಲು ನೆಲದ ಎತ್ತರಕ್ಕೆ ಸೇರಿಕೊಳ್ಳುತ್ತದೆ. ಗದ್ದೆಯಿಂದ ತೋಟಕ್ಕೆ ಏರುವ ಅಂಚಿನಲ್ಲಿ ಇಲ್ಲದ ಗೋಡೆಯೊಂದು ಎದ್ದು, ಇಳಿಜಾರಿನ ನಕ್ಷೆಯೇ ಕೆಡುತ್ತದೆ.

ಅದಕ್ಕೆ ಮಾದರಿಯನ್ನು ಕಣ್ಣು ಮುಚ್ಚಿ ಬಳಸಬೇಡಿ. ಟೋಪೋಶೀಟಿನಲ್ಲಿ ಎತ್ತರ ಬರೆದಿರುವ ಹತ್ತು ಜಾಗ ಆರಿಸಿ. ಮೂರು ಗದ್ದೆಯಲ್ಲಿ, ಮೂರು ತೋಟದಲ್ಲಿ, ಎರಡು ಹುಲ್ಲುಗಾವಲಿನಲ್ಲಿ, ಎರಡು ಶಿಖರದಲ್ಲಿ. ಅಲ್ಲಿ ಮಾದರಿ ಏನು ಹೇಳುತ್ತದೆ ಬರೆದುಕೊಂಡು ವ್ಯತ್ಯಾಸ ತೆಗೆಯಿರಿ. ಇಸ್ರೋದ ಎತ್ತರದ ಮಾದರಿಯಾದ ಕಾರ್ಟೋಡೆಮ್ ಮೇಲೂ ಅದೇ ಪರೀಕ್ಷೆ ಮಾಡಿ. ಯಾವುದು ನಿಮ್ಮ ಜಾಗಕ್ಕೆ ಹತ್ತಿರವೋ ಅದನ್ನು ಬಳಸಿ, ಆ ಹತ್ತು ಜಾಗಗಳ ಪಟ್ಟಿಯನ್ನು ವ್ಯತ್ಯಾಸದ ಸಮೇತ ಪ್ರಬಂಧದ ಕೊನೆಯಲ್ಲಿ ಕೊಡಿ.